ಅಜ್ಜಿ ದನಿ ಯಾಕೆ ದಪ್ಪ ಆಯ್ತು? ಪ್ಯೂರ್ ಡೇಟಾದಲ್ಲಿ ಸೌಂಡ್ ಫೈಲ್ ಮತ್ತು ಅರೇ

ಈ ಸಲ ಒಂದೇ ಪ್ರಶ್ನೆ, ತ್ಯಾಮಗೊಂಡ್ಲಿನ ಕೇಳುಗರೊಬ್ಬರದು. ತೀರಿಹೋದ ಅಜ್ಜಿ ಹಾಡಿದ್ದ ಸೋಬಾನೆ ಪದ ಅವರ ಫೋನಲ್ಲಿದೆ, ಮೂರು ನಿಮಿಷದ್ದು. ಸಾಲುಗಳನ್ನ ಬರೆದುಕೊಳ್ಳೋಕೆ ನಿಧಾನ ಮಾಡಿ ಕೇಳೋಣ ಅಂತ ಪ್ಯೂರ್ ಡೇಟಾಗೆ ಹಾಕಿದ್ದಾರೆ. ಇನ್ನೂ ನಿಧಾನ ಮಾಡೇ ಇಲ್ಲ, ಆಗಲೇ ದನಿ ದಪ್ಪ. ಹಾಡು ಅರ್ಧಕ್ಕೇ ನಿಂತಿದೆ. ‘ಇದು ನಮ್ಮಜ್ಜಿ ದನಿನೇ ಅಲ್ಲ’ ಅಂತಾರೆ.

ಗೊತ್ತಿಲ್ಲದವರಿಗೆ: ಪ್ಯೂರ್ ಡೇಟಾ ಅಂದ್ರೆ 1990ರ ದಶಕದಲ್ಲಿ ಮಿಲ್ಲರ್ ಪಕೆಟ್ ರೂಪಿಸಿದ ಉಚಿತ ತಂತ್ರಾಂಶ. ಇಲ್ಲಿ ಸಾಲುಸಾಲು ಕೋಡ್ ಬರೆಯಲ್ಲ. ಪರದೆ ಮೇಲೆ ಚೌಕಗಳನ್ನಿಟ್ಟು ವೈರ್ ಎಳೆದು ಜೋಡಿಸ್ತೀವಿ, ಅಷ್ಟೆ.

ಸೌಂಡ್‌ಫೈಲರ್ ಅನ್ನೋ ಚೌಕ ಫೈಲನ್ನು ಓದಿ ಅರೇ ಒಳಗೆ ತುಂಬುತ್ತದೆ. ಅರೇ ಅಂದ್ರೆ ಅಂಕಿಗಳ ಉದ್ದನೆಯ ಸಾಲು. ಫೋನಿನ ಎಂ4ಎ ಫೈಲನ್ನು ಮೊದಲು ವೇವ್ ಮಾಡ್ಕೊಂಡಿರಬೇಕು. ಈಗ ಲೆಕ್ಕ ನೋಡಿ. ಬಹಳಷ್ಟು ಫೋನ್‌ಗಳು ಸೆಕೆಂಡಿಗೆ 48,000 ಅಂಕಿಗಳಂತೆ ದನಿಯನ್ನ ಹಿಡಿಯುತ್ತವೆ. ಮೂರು ನಿಮಿಷಕ್ಕೆ 86,40,000. ಆದರೆ ಅರೇಗೆ ಗೊತ್ತಿರೋದು ಅಂಕಿ ಮಾತ್ರ, ಅದು ಯಾವ ವೇಗದಲ್ಲಿ ಹಿಡಿದದ್ದು ಅನ್ನೋದು ಅಲ್ಲಿ ಉಳಿಯೋದೇ ಇಲ್ಲ. ಪ್ಯೂರ್ ಡೇಟಾ 44,100ಕ್ಕೆ ಸೆಟ್ ಆಗಿದ್ರೆ, ಟ್ಯಾಬ್‌ಪ್ಲೇ ಚೌಕ ಅದೇ ಅಂಕಿಗಳನ್ನ ಸೆಕೆಂಡಿಗೆ 44,100ರಂತೆ ಓದುತ್ತೆ. ಮೂರು ನಿಮಿಷದ ಹಾಡು 16 ಸೆಕೆಂಡ್ ಉದ್ದ ಆಗುತ್ತೆ, ದನಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತೆ. ಅಜ್ಜಿಯ ದನಿ ದಪ್ಪ ಆಗಿದ್ದು ಹೀಗೆ.

ಆಡಿಯೋ ಸೆಟ್ಟಿಂಗ್‌ನಲ್ಲಿ 48,000 ಅಂತ ಬದಲಿಸಿದರೆ ದನಿ ವಾಪಸ್ ಬರುತ್ತೆ. ಊಹೆ ಮಾಡೋ ಅಗತ್ಯ ಇಲ್ಲ. ಈಚಿನ ಆವೃತ್ತಿಗಳಲ್ಲಿ ಸೌಂಡ್‌ಫೈಲರ್‌ನ ಎರಡನೇ ಔಟ್‌ಲೆಟ್‌ಗೆ ಪ್ರಿಂಟ್ ಚೌಕ ಜೋಡಿಸಿ, ಮೊದಲು ಬರೋ ಅಂಕಿಯೇ ಫೈಲಿನ ವೇಗ.

ಹಾಡು ನಿಂತಿದ್ದು? ಹಳೆಯ ಆವೃತ್ತಿಗಳು, ನಾವು ಬೇರೆ ಹೇಳದಿದ್ರೆ, ಒಂದು ಅರೇಗೆ 40 ಲಕ್ಷ ಅಂಕಿ ಮಾತ್ರ ಓದ್ತಿದ್ವು. ಅಂದ್ರೆ ಈ ಹಾಡಿನ ಮೊದಲ 83 ಸೆಕೆಂಡ್. ರೀಡ್ ಮೆಸೇಜಿನಲ್ಲಿ ‘-ರೀಸೈಜ್’ ಜೊತೆ ‘-ಮ್ಯಾಕ್ಸ್‌ಸೈಜ್’ ಹಾಕಿ ದೊಡ್ಡ ಸಂಖ್ಯೆ ಕೊಡಿ, ಅಥವಾ ಹೊಸ ಆವೃತ್ತಿ ಹಾಕ್ಕೊಳ್ಳಿ.

ಇನ್ನು ನಿಧಾನ ಮಾಡೋದು. ಟ್ಯಾಬ್‌ರೀಡ್4 ಚೌಕಕ್ಕೆ ಲೈನ್ ಚೌಕ ಜೋಡಿಸಿ (ಎರಡರ ಹೆಸರಿನ ಕೊನೆಗೂ ಟಿಲ್ಡೆ ಇರಲಿ, ಅದನ್ನ ಮರೆತು ಒದ್ದಾಡದವರಿಲ್ಲ). 20 ಸೆಕೆಂಡಿನ ತುಣುಕಲ್ಲಿ 9,60,000 ಅಂಕಿ. ಸೊನ್ನೆಯಿಂದ ಅಲ್ಲಿವರೆಗೆ 20,000 ಮಿಲಿಸೆಕೆಂಡಲ್ಲಿ ಹೋಗು ಅಂದ್ರೆ ಮೂಲ ವೇಗ, 40,000 ಅಂದ್ರೆ ಅರ್ಧ ವೇಗ. ಇಡೀ ಹಾಡನ್ನ ಒಂದೇ ಸಲ ಹೀಗೆ ಓದಿಸಬೇಡಿ. ಅಂಕಿ ಅಷ್ಟು ದೊಡ್ಡದಾದಾಗ ಲೆಕ್ಕದ ನಿಖರತೆ ಕಮ್ಮಿಯಾಗಿ ದನಿ ಗೊರಗೊರ ಅನ್ನುತ್ತೆ. ನುಡಿ ನುಡಿಯಾಗಿ ಕತ್ತರಿಸಿಕೊಳ್ಳಿ.

ಅರ್ಧ ವೇಗದಲ್ಲಿ ಶ್ರುತಿಯೂ ಒಂದು ಸ್ಥಾಯಿ ಇಳಿಯುತ್ತೆ. ಪದ ಬರೆದುಕೊಳ್ಳೋಕೆ ಅದು ಸಾಕು. ಅಜ್ಜಿ ಅಜ್ಜಿಯಾಗೇ ಕೇಳಿಸ್ಬೇಕು ಅಂದ್ರೆ ಪ್ಯೂರ್ ಡೇಟಾ ಜೊತೆಗೇ ಬರೋ ಉದಾಹರಣೆಗಳಲ್ಲಿ ಫೇಸ್ ವೊಕೋಡರ್ ತೆರೆದು ನೋಡಿ.

ಒಂದು ಎಚ್ಚರಿಕೆ: ಸೌಂಡ್‌ಫೈಲರ್‌ಗೆ ಅದೇ ಹೆಸರಲ್ಲಿ ರೈಟ್ ಅಂತ ಹೇಳಿದ್ರೆ, ಕೇಳದೇನೇ ಹಳೇ ಫೈಲ್ ಮೇಲೆ ಬರೆದುಬಿಡುತ್ತೆ. ಮೊದಲು ಮೂಲ ಫೈಲಿನ ಕಾಪಿ ಬೇರೆ ಕಡೆ ಇಡಿ, ಆಮೇಲೆ ಪ್ಯೂರ್ ಡೇಟಾ ತೆರೀರಿ.