ಬೆನ್ನುಮೂಳೆಗೆ ಕೈಚಿಕಿತ್ಸೆ: ಕೈರೊಪ್ರಾಕ್ಟಿಕ್‌ನ ಶಕ್ತಿ, ಮಿತಿ

ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವು ಇಳಿಸುವ ಚಿಕಿತ್ಸೆಯೇ ಕೈರೊಪ್ರಾಕ್ಟಿಕ್. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಇದನ್ನು ಆರಂಭಿಸಿದವರು ಡಿ.ಡಿ. ಪಾಮರ್. ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನಿನ ಮೂಳೆಯೊಂದನ್ನು ಒತ್ತಿ ಕೂರಿಸಿದಾಗ ಅವನ ಕಿವುಡು ಹೋಯಿತೆಂದು ಪಾಮರ್ ಹೇಳಿಕೊಂಡರು. ಕಶೇರುಗಳು ಸ್ಥಾನ ತಪ್ಪಿ ನರಗಳ ಕೆಲಸಕ್ಕೆ ಅಡ್ಡಿಯಾಗುವುದರಿಂದಲೇ ಬಹುಪಾಲು ರೋಗಗಳು ಬರುತ್ತವೆ ಎಂಬುದು ಅವರ ಸಿದ್ಧಾಂತ. 1906ರಲ್ಲಿ ಪರವಾನಗಿ ಇಲ್ಲದೆ ಚಿಕಿತ್ಸೆ ನೀಡಿದ ಆರೋಪದ ಮೇಲೆ ಅವರು ಜೈಲು ಸೇರಿದರು. 1913ರಲ್ಲಿ ಕಾನ್ಸಾಸ್ ರಾಜ್ಯ ಈ ವೃತ್ತಿಗೆ ಕಾನೂನಿನ ಮನ್ನಣೆ ಕೊಟ್ಟಿತು. ಎಲ್ಲ ರಾಜ್ಯಗಳೂ ಒಪ್ಪುವ ಹೊತ್ತಿಗೆ 1974 ಬಂದಿತ್ತು.

ಮನುಷ್ಯನ ಬೆನ್ನುಮೂಳೆಯಲ್ಲಿ ಸಾಮಾನ್ಯವಾಗಿ ಕುತ್ತಿಗೆಗೆ 7, ಎದೆಯ ಭಾಗಕ್ಕೆ 12, ಸೊಂಟಕ್ಕೆ 5 ಕಶೇರುಗಳಿವೆ. ಅವುಗಳ ಕೆಳಗಿನ ಮೂಳೆಗಳು ಬೆಸೆದುಕೊಂಡಿರುತ್ತವೆ. ಪಕ್ಕದಿಂದ ನೋಡಿದರೆ ಕುತ್ತಿಗೆ ಮತ್ತು ಸೊಂಟ ಮುಂದಕ್ಕೆ, ಎದೆಯ ಭಾಗ ಹಿಂದಕ್ಕೆ ಬಾಗಿರುತ್ತದೆ. ಭಾರ ಹೊರಲು, ನಡೆಯುವಾಗಿನ ಕುಲುಕಾಟ ತಾಳಲು ಈ ಬಾಗುಗಳು ಬೇಕೇ ಬೇಕು. ಆದ್ದರಿಂದ ಕೋಲಿನಂತೆ ನೇರವಾಗಿರುವುದು ಆರೋಗ್ಯದ ಲಕ್ಷಣವಲ್ಲ. ಬಾಗಿನ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ಗಳಲ್ಲಿಯೂ ಸವೆದ, ಉಬ್ಬಿದ ಡಿಸ್ಕ್‌ಗಳು ಕಾಣಸಿಗುತ್ತವೆ.

ಚಿಕಿತ್ಸಕರು ಕೀಲನ್ನು ಅದು ಚಲಿಸಬಲ್ಲ ಕೊನೆಯವರೆಗೆ ಒಯ್ದು, ಅಲ್ಲಿ ಚುರುಕಾದ ಸಣ್ಣ ಒತ್ತು ಕೊಡುತ್ತಾರೆ. ಆಗ ಕೇಳಿಸುವ ಲಟಿಕೆಯ ಸದ್ದು ಮೂಳೆ ಸ್ವಸ್ಥಾನಕ್ಕೆ ಮರಳಿದ ಗುರುತಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲ ಹೊರಬರುವಾಗ ಹುಟ್ಟುವ ಸದ್ದು. ಬಿಗಿದ ಸ್ನಾಯು ಸಡಿಲವಾಗುವುದರಿಂದ, ನರಮಂಡಲ ನೋವನ್ನು ಗ್ರಹಿಸುವ ರೀತಿ ಬದಲಾಗುವುದರಿಂದ ಕೆಲಕಾಲ ಹಗುರ ಎನಿಸುತ್ತದೆ.

ಸೊಂಟನೋವಿನ ವಿಷಯದಲ್ಲಿ ಈ ಚಿಕಿತ್ಸೆಗೆ ವೈದ್ಯಲೋಕದ ಒಪ್ಪಿಗೆಯೂ ಇದೆ. ಶಾಖ, ಮಸಾಜ್‌ಗಳ ಜೊತೆಗೆ ಇದನ್ನೂ ಔಷಧಿಗೆ ಮೊದಲು ಪರಿಗಣಿಸಬಹುದೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಸೂಚಿಸಿತು. ಸಿಗುವ ಲಾಭ ಸಾಧಾರಣ ಮಟ್ಟದ್ದು. ಆಸ್ತಮಾ, ರಕ್ತದೊತ್ತಡ, ಮಕ್ಕಳ ಕಿವಿ ಸೋಂಕಿನಂಥ ತೊಂದರೆಗಳು ಇದರಿಂದ ವಾಸಿಯಾಗುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ.

ಕುತ್ತಿಗೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ಅಪರೂಪಕ್ಕೆ, ಮೆದುಳಿಗೆ ರಕ್ತ ಒಯ್ಯುವ ಅಪಧಮನಿಯ ಒಳಪದರ ಸೀಳಿ ಪಾರ್ಶ್ವವಾಯು ಬಂದ ಪ್ರಕರಣಗಳು ದಾಖಲಾಗಿವೆ. ಕ್ಷೌರದಂಗಡಿಯಲ್ಲಿ ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯ ಲಟಿಕೆ ತೆಗೆಸಿಕೊಳ್ಳುವುದಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಮೂಳೆ ಸವೆತ, ಮೂಳೆ ಮುರಿತ, ಬೆನ್ನುಮೂಳೆಯ ಕ್ಯಾನ್ಸರ್ ಅಥವಾ ಸೋಂಕು ಇರುವವರಿಗೆ ಇಂಥ ಒತ್ತು ಅಪಾಯಕಾರಿ. ಬೆನ್ನುನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲು ಬಲ ಕಳೆದುಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೆನ್ನಿನ ದಿನನಿತ್ಯದ ಆರೈಕೆ ಚಲನೆಯಲ್ಲಿದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರದೆ ಆಗಾಗ ಎದ್ದು ಓಡಾಡುವುದು, ನಿತ್ಯದ ನಡಿಗೆ, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದು ಬೆನ್ನನ್ನು ಗಟ್ಟಿಯಾಗಿಡುತ್ತವೆ. ಬೆನ್ನು ಹಿಡಿದುಕೊಂಡಾಗಲೂ ಹಾಸಿಗೆ ಹಿಡಿಯದೆ, ಆದಷ್ಟು ಓಡಾಡಿಕೊಂಡಿದ್ದವರು ಬೇಗ ಚೇತರಿಸಿಕೊಳ್ಳುತ್ತಾರೆ. ಕೈಚಿಕಿತ್ಸೆ ಈ ಚೇತರಿಕೆಗೆ ನೆರವಾಗಬಲ್ಲದು. ವ್ಯಾಯಾಮದ ಜಾಗವನ್ನು ತುಂಬಲಾರದು.