ಮುದ್ದೆಯೊಳಗಿನ ಸತು

ಬಾಣಾವರದ ಸುತ್ತಿನ ರೈತರಿಗೆ ಸತು ಎಂದರೆ ಗೊಬ್ಬರದಂಗಡಿಯ ಜಿಂಕ್ ಸಲ್ಫೇಟ್. ಅದೇ ಸತು ತಟ್ಟೆಯ ಮುದ್ದೆಯಲ್ಲೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 2.5 ಮಿಲಿಗ್ರಾಂ. ನಮ್ಮ ಇಡೀ ಮೈಯಲ್ಲಿರುವುದೇ ಎರಡು-ಮೂರು ಗ್ರಾಂ. ಆದರೂ ನೂರಾರು ಕಿಣ್ವಗಳು ಅದಿಲ್ಲದೆ ನಡೆಯವು.

ಸತುವಿಗೆ ಒಂದು ಕೆಟ್ಟ ಚಾಳಿ. ಸಿಕ್ಕ ಪ್ರೋಟೀನಿಗೆ ಅಂಟಿಕೊಂಡು, ಅಲ್ಲಿರಬೇಕಾದ ಬೇರೆ ಲೋಹವನ್ನು ಹೊರದಬ್ಬುತ್ತದೆ. ಅದಕ್ಕೇ ಜೀವಕೋಶ ಅದನ್ನು ಒಳಗೆ ಕರೆದರೂ ಅಲೆದಾಡಲು ಬಿಡುವುದಿಲ್ಲ. ಎಷ್ಟು ಬಿಗಿ ಎಂದರೆ, ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಕೋಶದಲ್ಲಿ ಸುಮಾರು ಎರಡು ಲಕ್ಷ ಸತುವಿನ ಪರಮಾಣುಗಳಿದ್ದರೂ ಯಾವುದಕ್ಕೂ ಅಂಟದೆ ಬಿಡಿಯಾಗಿರುವುದು ಒಂದೂ ಇರಲಾರದು ಎಂದು 2001ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಔಟನ್ ಮತ್ತು ಓಹಾಲರನ್ ಲೆಕ್ಕ ಕೊಟ್ಟರು.

ನಮ್ಮ ಮೈಯಲ್ಲಿ ಈ ಕಾವಲು ನಡೆಯುವುದು ಕೋಶದ ಪೊರೆಯಲ್ಲಿ ಕೂತ ಪ್ರೋಟೀನುಗಳಿಂದ. ಜಿಪ್ ಎಂಬ 14 ಬಗೆಯವು ಸತುವನ್ನು ಕೋಶದ್ರವಕ್ಕೆ ತರುತ್ತವೆ. ಜೆಡ್‌ಎನ್‌ಟಿ ಎಂಬ 10 ಬಗೆಯವು ಅಲ್ಲಿಂದ ಸಾಗಹಾಕುತ್ತವೆ. ಕರುಳಿನಲ್ಲಿ ಕೆಲಸ ಜಿಪ್-4ರದು. ಊಟದಲ್ಲಿ ಸತು ಕಡಿಮೆಯಾದರೆ ಅದು ಪೊರೆಯ ಮೇಲೆ ಹೆಚ್ಚು ಹೆಚ್ಚು ಬಂದು ನಿಲ್ಲುತ್ತದೆ, ಸತು ಧಾರಾಳವಾದರೆ ಕೋಶವೇ ಅದನ್ನು ಒಳಗೆಳೆದು ಅರೆದುಹಾಕುತ್ತದೆ. ಜಿಪ್-4ರ ಜೀನ್ ಕೆಟ್ಟು ಹುಟ್ಟಿದ ಮಕ್ಕಳಿಗೆ ಬಾಯಿ, ಕೈಕಾಲುಗಳ ಸುತ್ತ ಹುಣ್ಣು, ನಿಲ್ಲದ ಭೇದಿ. ಸತುವಿನ ಔಷಧಿ ಕೊಟ್ಟರೆ ಗುಣ ಕಾಣುತ್ತದೆ, ಆದರೆ ಜೀವನಪೂರ್ತಿ ಕೊಡಬೇಕು.

ಒಳಗೆ ಸತು ಹೆಚ್ಚಿದರೆ ಎಂಟಿಎಫ್-1 ಎಂಬ ಪ್ರೋಟೀನು ಅದನ್ನು ಗ್ರಹಿಸಿ ಮೆಟಲೋಥಯೊನೀನ್ ಎಂಬ ಇನ್ನೊಂದು ಪ್ರೋಟೀನನ್ನು ತಯಾರಿಸುವ ಜೀನನ್ನು ಚುರುಕುಗೊಳಿಸುತ್ತದೆ. ಮೆಟಲೋಥಯೊನೀನಿನ ಒಂದೊಂದು ಅಣು ಏಳು ಸತು ಅಯಾನುಗಳನ್ನು ಹಿಡಿದಿಡಬಲ್ಲದು. ತೊಂದರೆಯೆಂದರೆ ತಾಮ್ರವನ್ನು ಇದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಸತುವಿನ ಮಾತ್ರೆ ನುಂಗುವವರಿಗೆ ತಾಮ್ರದ ಕೊರತೆ ಬರುವುದು ಹೀಗೆ.

ಇಷ್ಟೆಲ್ಲ ಏರ್ಪಾಡಿದ್ದರೂ ಮುದ್ದೆಯ ಸತುವೆಲ್ಲ ಕರುಳಿನ ಕೋಶಕ್ಕೆ ದಕ್ಕುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲೊಂದು ಪಾಲನ್ನು ಮೊದಲೇ ಕಟ್ಟಿಹಾಕಿರುತ್ತದೆ. ಧಾನ್ಯ, ಕಾಳುಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದರೆ ಹೀರಿಕೆಗೆ ಒದಗುವ ಸತು ಹೆಚ್ಚುತ್ತದೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು. ಅದು ಪ್ರಯೋಗಾಲಯದ ಕೃತಕ ಜೀರ್ಣಕ್ರಿಯೆಯಲ್ಲಿ ಕಂಡದ್ದು, ಮನುಷ್ಯರ ಹೊಟ್ಟೆಯಲ್ಲಲ್ಲ. ಆದರೂ ಬಸ್ಸಾರಿಗೆ ಬೆಳ್ಳುಳ್ಳಿ ಜಜ್ಜುವಾಗ ಕೈ ಬಿಗಿಹಿಡಿಯಬೇಡಿ.