ಆರೋಗ್ಯ ಮತ್ತು ದೈಹಿಕ ಕ್ಷಮತೆಯ ಪ್ರಾಥಮಿಕ ಪಠ್ಯ: ಪದವಿ ವಿದ್ಯಾರ್ಥಿಗಳ ಮಾಹಿತಿಗಾಗಿ

ಪದವಿ ತರಗತಿಗೆ ಪ್ರವೇಶ ಪಡೆದ ಅನೇಕರು ಈ ಪಠ್ಯವು ಕ್ರೀಡಾಪಟುಗಳಿಗೆ ಮೀಸಲೆಂದು ಭಾವಿಸಿ ಹಿಂಜರಿಯುವುದುಂಟು. ವಾಸ್ತವವಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ದೇಹಸ್ಥಿತಿಯನ್ನು ತಾನೇ ಅಳೆದು ಅರಿಯುವಂತೆ ಮಾಡುವುದು ಇದರ ಉದ್ದೇಶವಾಗಿರುತ್ತದೆ.

ಕಲಿಯುವ ಅಂಶಗಳು:

1. ನಾಡಿಬಡಿತ: ವಿಶ್ರಾಂತ ಸ್ಥಿತಿಯಲ್ಲಿ ವಯಸ್ಕರಿಗೆ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100.

2. ದೇಹ ತೂಕ ಸೂಚ್ಯಂಕ: ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. ಭಾರತೀಯರಿಗೆ 18.5ರಿಂದ 22.9 ಸಮರ್ಪಕ.

3. ವ್ಯಾಯಾಮದ ಪ್ರಮಾಣ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ವಯ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಮಾತನಾಡಲು ಸಾಧ್ಯವಾಗಿ, ಹಾಡಲು ಆಗದಿದ್ದರೆ ಅದು ಮಧ್ಯಮ ಶ್ರಮ.

ವಿದ್ಯಾರ್ಥಿಗಳ ಅನುಭವ:

ಮೊದಲ ವಾರಗಳಲ್ಲಿ ಏದುಸಿರು, ಸ್ನಾಯುನೋವು ಸಹಜ. ಕ್ರಮೇಣ, ಅದೇ ಮೆಟ್ಟಿಲುಗಳನ್ನು ಹತ್ತಿದ ನಂತರ ನಾಡಿಬಡಿತ ಬೇಗ ಇಳಿಯುವುದನ್ನು ವಿದ್ಯಾರ್ಥಿಗಳು ತಮ್ಮ ದಾಖಲೆ ಪುಸ್ತಕದಲ್ಲಿಯೇ ಕಾಣುತ್ತಾರೆ. ಆದರೆ ಕೆಲವರಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಅಭ್ಯಾಸ ಮುಂದುವರಿದರೂ ಆಯಾಸ ತಗ್ಗುವುದಿಲ್ಲ. ಇದನ್ನು ಸೋಮಾರಿತನವೆಂದು ಪರಿಗಣಿಸಬಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇಂತಹ ವಿದ್ಯಾರ್ಥಿಗಳು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಗರ್ಭಿಣಿಯರಲ್ಲದ ಮಹಿಳೆಯರಿಗೆ ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದಲ್ಲಿ ವೈದ್ಯರ ಚಿಕಿತ್ಸೆ ಅವಶ್ಯಕ.

ಸೂಚನೆ: ಹೃದ್ರೋಗ, ಆಸ್ತಮಾ ಇರುವವರು ಬೋಧಕರಿಗೆ ಮುಂಚಿತವಾಗಿ ತಿಳಿಸಬೇಕು. ಎದೆನೋವು ಅಥವಾ ತಲೆಸುತ್ತು ಕಂಡುಬಂದರೆ ವ್ಯಾಯಾಮವನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸುವುದು.